ಮಗ್ಗದ ಗುಂಡಿಯಲ್ಲಿಟ್ಟ ನಕ್ಷತ್ರ

ಅವ್ವನ ದೇವರಗೂಡಿನಲ್ಲಿ ಅಂಗೈಯಗಲದ ತಾಮ್ರದ ತಗಡೊಂದಿದೆ. ಮೇಲ್ಮುಖದ ಮುಕ್ಕೋನ ಒಂದು, ಕೆಳಮುಖದ್ದೊಂದು, ಒಂದರೊಳಗೊಂದು ಸಿಕ್ಕಿಕೊಂಡು ಆರು ಮೂಲೆಯ ನಕ್ಷತ್ರ. ಷಷ್ಠಿಯ ದಿನ ಹುಣಿಸೆಹಣ್ಣಿನಲ್ಲಿ ತಿಕ್ಕಿ ತೊಳೆದು ಹಾಲೆರೆಯುತ್ತಾಳೆ. ಸುಬ್ಬರಾಯನ ಯಂತ್ರ ಎಂದಷ್ಟೇ ನಮಗೆ ಗೊತ್ತಿತ್ತು.

ತಂಗಿಯನ್ನು ಚಳ್ಳಕೆರೆಗೆ ಕೊಟ್ಟಿದ್ದೆವು. ಎರಡು ಸಲ ಬಸಿರು ನಿಲ್ಲಲಿಲ್ಲ. ಮೂರನೆಯ ಸಲ ಎಂಟು ತಿಂಗಳಾದಾಗ ಹೆರಿಗೆಗೆಂದು ನಮ್ಮೂರು ಮೊಳಕಾಲ್ಮೂರಿಗೆ ಬಂದಳು. ಕೊರಳಿನ ಕಪ್ಪು ದಾರದಲ್ಲಿ ಬೆಳ್ಳಿಯ ಬಿಲ್ಲೆ, ಬಿಲ್ಲೆಯ ಮೇಲೆ ಅದೇ ನಕ್ಷತ್ರ, ಸುತ್ತ ಉರ್ದು ಅಕ್ಷರ.

"ಯಾರು ಕೊಟ್ರೇ ಇದನ್ನ?"

"ದರ್ಗಾದ ಅಜ್ಜ. ಇದು ಕಟ್ಟಿದ್ಮೇಲೆ ನಿದ್ದೆ ಬರ್ತೈತೆ ಅಣ್ಣಾ."

"ಸಾಬರದ್ದು ಕಟ್ಕೊಂಡು ಈ ಮನೆಗೆ ಬಂದೀಯಾ?"

"ನಮ್ಮ ಗೂಡಿನಾಗೂ ಇದೇ ಐತಲ್ಲೋ. ನೇಯೋನಿಗೆ ಕಣ್ಣಿಲ್ವಾ?" ಎಂದು ನಕ್ಕಳು.

ಕಣ್ಣಿತ್ತು. ಅಂಚಿನಲ್ಲಿ ಒಂದೆಳೆ ತಪ್ಪಿದರೂ ಗುರುತಿಸುವವನು ನಾನು. ಎರಡೂ ಒಂದೇ ಎಂದು ಆ ಕ್ಷಣವೇ ಕಂಡಿತ್ತು. ಆದರೆ ಬೀದಿಯಲ್ಲಿ ಜೊತೆಯ ನೇಕಾರನೊಬ್ಬ, "ಏನ್ಲೇ, ಕೂಸಿನ ನಾಮಕರಣ ದರ್ಗಾದಾಗಾ?" ಎಂದು ನಾಲ್ಕು ಜನರೆದುರು ನಗಾಡಿದ. ಮರುದಿನ ತಂಗಿ ಸ್ನಾನಕ್ಕೆ ಹೋದಾಗ ಗೂಟದಲ್ಲಿದ್ದ ದಾರ ತೆಗೆದುಕೊಂಡೆ. ಕೇಳಿದಾಗ, "ತಿಪ್ಪೆಗೆಸೆದೆ" ಎಂದೆ.

ಎಸೆದಿರಲಿಲ್ಲ. ಬೆಳ್ಳಿ ಎಸೆಯಲು ಕೈ ಬರಲಿಲ್ಲವೋ, ಹೆದರಿದೆನೋ. ಮಗ್ಗದ ಗುಂಡಿಯಲ್ಲಿ ಬೀಡಿಕಟ್ಟು ಇಡುವ ಸಣ್ಣ ಗೂಡಿದೆ, ಅಲ್ಲಿಟ್ಟೆ.

ಅವಳು ತುಂಬಿದ ಹೊಟ್ಟೆ ಹೊತ್ತು ಬಿಸಿಲಲ್ಲಿ ತಿಪ್ಪೆ ಕೆದಕಿದಳು. ಅವ್ವ, "ಪೋನೀಲೇ, ಹೋಗ್ಲಿ ಬಿಡೇ" ಎಂದು ಕೈಹಿಡಿದು ಎಳೆದರೂ ಬರಲಿಲ್ಲ. ನಾನು ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುತ್ತಲೇ ಇದ್ದೆ. ಬಿಲ್ಲೆ ನನ್ನ ಮೊಣಕಾಲಿನ ಪಕ್ಕದಲ್ಲಿತ್ತು. ತೆಗೆದು ಕೊಟ್ಟರೆ ಸುಳ್ಳ ಅನ್ನಿಸಿಕೊಳ್ಳಬೇಕಲ್ಲ ಎಂದು ಕೊಡಲಿಲ್ಲ.

ಇಪ್ಪತ್ತು ದಿನದ ಮೇಲೆ ಕೂಸು ಸತ್ತೇ ಹುಟ್ಟಿತು. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತು ಎಂದರು ಡಾಕ್ಟರಮ್ಮ. ಅದನ್ನು ನಂಬುತ್ತೇನೆ. ಬಿಲ್ಲೆ ಕೂಸನ್ನು ಉಳಿಸುತ್ತಿರಲಿಲ್ಲ. ಆದರೆ ಆ ಇಪ್ಪತ್ತು ದಿನ ಅವಳು ಕಣ್ಣು ಮುಚ್ಚಲಿಲ್ಲ. ಅದು ನಾನು ಮಾಡಿದ್ದು.

ನಾನು ಓದಿದ್ದು ಏಳನೇ ಕ್ಲಾಸು. ಆಮೇಲೆ ಅವರಿವರನ್ನು ಕೇಳಿ ತಿಳಿದೆ. ಮೇಲ್ಮುಖದ್ದು ಶಿವ, ಬೆಂಕಿ. ಕೆಳಮುಖದ್ದು ಶಕ್ತಿ, ನೀರು. ಆರು ಮೂಲೆ ಷಣ್ಮುಖನ ಆರು ಮುಖ ಎಂದರು ಪೂಜಾರಪ್ಪ. ಚಳ್ಳಕೆರೆಗೆ ಹೋಗಿ ದರ್ಗಾದ ಅಜ್ಜನನ್ನೂ ಕೇಳಿದೆ. ಸುಲೇಮಾನ್ ಪೈಗಂಬರರ ಉಂಗುರದ ಮುದ್ರೆ ಎಂದ. "ತಂಗಿ ಹೆಂಗವ್ಳಪ್ಪಾ?" ಎಂದೂ ಕೇಳಿದ. ಚೆನ್ನಾಗವ್ಳೆ ಎಂದು ಬಂದೆ. ಯೆಹೂದಿಗಳಿಗೂ ಅದು ದಾವೀದ ರಾಜನ ಗುರಾಣಿಯಂತೆ. ಹಿಂದೆ ಪರದೇಶದಲ್ಲಿ ಅವರ ಅಂಗಿಗೆ ಹಳದಿ ಬಟ್ಟೆಯ ಈ ನಕ್ಷತ್ರವನ್ನೇ ಹೊಲಿಸಿ, ಬೇರೆ ಮಾಡಿ, ಕೊಂದರಂತೆ. ಮೊಬೈಲಿನಲ್ಲಿ ಆ ಫೋಟೋ ನೋಡಿದ ದಿನ ಲಾಳಿ ಕೆಳಗಿಟ್ಟು ಎದ್ದೆ. ದೇವರ ಗುರುತನ್ನು ಜನರನ್ನು ಬೇರೆ ಮಾಡುವ ಗುರುತು ಮಾಡಿದವರು ಎಲ್ಲೋ ದೂರದವರಷ್ಟೇ ಅಲ್ಲ, ನಾನೂ.

ಹೋದ ಷಷ್ಠಿಗೆ ತಂಗಿ ಬಂದಿದ್ದಳು. ಅವ್ವನ ಕೈ ನಡುಗುತ್ತದೆ ಎಂದು ತಗಡನ್ನು ಅವಳೇ ತಿಕ್ಕಿದಳು. ತಿಕ್ಕುತ್ತಾ, ತಲೆಯೆತ್ತದೆ, "ಅಣ್ಣಾ, ಅವತ್ತು ತಿಪ್ಪೇಲಿ ಯಾವ ಮಗ್ಗಲಿಗೆ ಎಸೆದಿದ್ದೆ?" ಎಂದಳು.

ಬಿಲ್ಲೆ ಮಗ್ಗದ ಗುಂಡಿಯ ಗೂಡಿನಲ್ಲೇ ಇತ್ತು, ಕಪ್ಪಾಗಿ.

"ನೆನಪಿಲ್ಲ" ಎಂದೆ.