ಬಾವಿಯೊಳಗಿನ ದಬ್ ಸದ್ದು

ವಿಜಯಪುರಕ್ಕೆ ಎಲ್ಲರೂ ಬಿಜಾಪುರ ಎನ್ನುತ್ತಿದ್ದ, ಎಲ್ಲೋ ನಡೆದ ಯುದ್ಧದ ನೆಪದಲ್ಲಿ ನಮ್ಮ ಅಂಗಡಿಗಳಲ್ಲಿ ಸೀಮೆಎಣ್ಣೆ ಸಿಗದಿದ್ದ ದಿನಗಳವು. ನನಗೆ ಒಂಬತ್ತು ವರ್ಷ. ಬಬಲೇಶ್ವರದ ನಮ್ಮ ಹೊಲದಲ್ಲಿ ಅಪ್ಪ ಅವ್ವನ ಕೈಯ ಬಂಗಾರದ ಪಾಟ್ಲಿ ಮಾರಿ ಬಾವಿ ತೋಡಿಸುತ್ತಿದ್ದ. ಸಿಡಿಮದ್ದು, ಹಸಿ ಕಲ್ಲು, ಬುತ್ತಿಯ ಗುರೆಳ್ಳು ಚಟ್ನಿ, ಈ ಮೂರರ ವಾಸನೆ ಕಲೆತರೆ ನನಗೆ ಇಂದಿಗೂ ಆ ಬೇಸಿಗೆಯೇ.

ದೊಡ್ಡಪ್ಪ ಕೋಲಾರದ ಬಂಗಾರದ ಗಣಿಯಲ್ಲಿ ದುಡಿದು, ಮದ್ದಿನ ಸದ್ದಿಗೆ ಎರಡೂ ಕಿವಿ ಕಳೆದುಕೊಂಡು ಬಂದಿದ್ದ. ಕಿವಿ ಹೋದರೂ ಬಾಯಿ ಹೋಗಿರಲಿಲ್ಲ, ಪುಣ್ಯಾತ್ಮ! ಊಟಕ್ಕೆ ಕೂತರೆ ರೊಟ್ಟಿ ಮುರಿದು, ಒಂದು ಚೂರನ್ನು ಕೆಳಗೆ ಜಾರಿಸಿ, ನಡುವಿನ ಸೀಳಿಗೆ ಬೆಣ್ಣೆ ತುಂಬುತ್ತಿದ್ದ.

"ಭೂಮಿ ಹಿಂಗ ಮುರದು ಜಾರತೈತಿ. ಸೀಳಿನಾಗ ತಳದ ಕುದಿನೀರು ಏರತೈತಿ. ಅದು ಆರಿದ ಮ್ಯಾಲ ಬಿಳಿಕಲ್ಲು, ಬಿಳಿಕಲ್ಲಿನಾಗ ಬಂಗಾರ."

ಬಾವಿ ಆರಾಳು ಆಳವಾದಾಗ ಕರಿಕಲ್ಲಿನ ಗೋಡೆಯಲ್ಲಿ ಅಂಥದ್ದೇ ಸೀಳು ಕಂಡಿತು. ತುಂಬ ಬಿಳಿಕಲ್ಲು, ಅಲ್ಲಲ್ಲಿ ಹಳದಿ ಮಿಣುಕು. ಮುಗಿಯಿತು! ಅಪ್ಪನಿಗೆ ನೀರೇ ಮರೆತುಹೋಯಿತು. ಕೆಳಗೆ ತೋಡುವುದು ಬಿಟ್ಟು, ಮೂವರು ಆಳುಗಳೊಂದಿಗೆ ಸೀಳಿನ ಬೆನ್ನು ಹತ್ತಿ ಗೋಡೆಯೊಳಕ್ಕೇ ಹೊಕ್ಕ.

ದೊಡ್ಡಪ್ಪ ಇಳಿದು ನೋಡಿ ಬಂದವನೇ ಕೂಗಾಡಿದ. "ಸೀಳಿನ ಮೈ ಕನ್ನಡಿ ಆಗೇತಿ ತಮ್ಮಾ, ಕಲ್ಲು ಜಾರಿದ ಗುರುತು ಅದು. ಬಂಗಾರ ಇರೋ ಕಲ್ಲೂ ಇದಲ್ಲ. ಹೊರಗ ಬರ್ರಿ!"

ಗಣಿಯಲ್ಲಿ ಹಾರೆಯಿಂದ ಬಡಿದು ಕೇಳುತ್ತಿದ್ದರಂತೆ. ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಬಿರುಕು ಬಿಟ್ಟ ಕಲ್ಲು ದಬ್ ಎನ್ನುತ್ತದೆ. ಅಪ್ಪ ಕೆಳಗಿನಿಂದಲೇ ಬಡಿದು, ಗಟ್ಟಿಯಿದೆ ಎಂದು ಕೈಸನ್ನೆ ಮಾಡಿದ. ಆಳುಗಳೂ ಹೌದೆಂದು ತಲೆಯಾಡಿಸಿದರು.

"ನಿಮ್ಮ ಕಿವ್ಯಾಗ ಬಂಗಾರ ಹೊಕ್ಕೈತಿ," ಎಂದು ದೊಡ್ಡಪ್ಪ ನನ್ನತ್ತ ತಿರುಗಿದ. ತಿಕೋಟಾ ಸಂತೆಯಲ್ಲಿ ಗಡಿಗೆಗಳನ್ನು ಬೆರಳಿನಿಂದ ಬಡಿದು ಒಡಕು ಹಿಡಿಯುವವಳು ನಾನೇ ಎಂಬುದು ಅವನಿಗೆ ಗೊತ್ತಿತ್ತು.

"ಹೆಣ್ಣಕೂಸರಿ ಅದು, ಬ್ಯಾಡ್ರಿ!" ಎಂದು ಅವ್ವ ಬಾಯಿ ಬಾಯಿ ಬಡಿದುಕೊಂಡಳು. ಕಿವುಡನಿಗೆ ಏನು ಹೇಳುವುದು? ಕಲ್ಲೆತ್ತುವ ಬುಟ್ಟಿಯಲ್ಲಿ ನನ್ನನ್ನು ಕೂರಿಸಿಕೊಂಡು ಇಳಿದೇಬಿಟ್ಟ.

ಕೆಳಗೆ ತಣ್ಣಗಿತ್ತು. ಮೈಯೆಲ್ಲ ಕಲ್ಲಿನ ಪುಡಿ ಮೆತ್ತಿದ್ದ ಅಪ್ಪ ನನ್ನ ಕಿವಿಯ ಹತ್ತಿರ ಬಾಗಿದ. "ಗಟ್ಟಿ ಐತಿ ಅನ್ನು, ಪಾರೂ. ನಿಮ್ಮವ್ವಗ ಪಾಟ್ಲಿ ಮಾಡಸ್ತೀನಿ."

ದೊಡ್ಡಪ್ಪ ಹಾರೆ ಬೀಸಿದ. ದಬ್.

ಅಪ್ಪನ ಕಣ್ಣು ನನ್ನ ಮೇಲೆಯೇ ಇತ್ತು. ಗಟ್ಟಿಯಿದೆ ಎಂದು ತಲೆಯಾಡಿಸಿದೆ.

ದೊಡ್ಡಪ್ಪ ನನ್ನ ಮುಖ ನೋಡಿದ. ನನ್ನ ಅಂಗೈಯನ್ನು ಕಲ್ಲಿಗೊತ್ತಿ ಹಿಡಿದು ಮತ್ತೆ ಬಡಿದ. ಅಂಗೈ ಕೆಳಗೆ ಕಲ್ಲು ನಡುಗಿತು.

"ನನ್ನ ಕೈಗೆ ಸಂಶಯ ಐತಿ, ಖಾತ್ರಿ ನಿನ್ನ ಕಿವಿ ಹೇಳಬೇಕು. ಇಂಥಾ ಗಡಿಗಿ ನಿಮ್ಮವ್ವಗ ಒಯ್ದು ಕೊಡ್ತಿಯೇನ ಬೇ?"

ನನಗೆ ಅಳು ತಡೆಯಲಾಗಲಿಲ್ಲ. "ಒಡದೈತಿ ಯಪ್ಪಾ, ಒಡದೈತಿ! ನಾ ಸುಳ್ಳ ಹೇಳಿದ್ನಿ!"

ಅಪ್ಪ ಬಿಳಿಕಲ್ಲನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. ಸುತ್ತಿಗೆ ಅಲ್ಲೇ ಇಟ್ಟ. "ನಡೀರಿ, ಎಲ್ಲಾರೂ ಮ್ಯಾಲ ಹತ್ರಿ," ಎಂದು ಕೊನೆಗೆ ತಾನು ಹತ್ತಿದ.

ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದ್ದೆವು. ಎರಡನೆಯ ರೊಟ್ಟಿಗೆ ಕೈ ಹಾಕುವಾಗ ಕೂತ ನೆಲವೇ ಗುಡುಗಿತು. ಸೀಳಿನ ಗೋಡೆ ಪೂರ್ತಿ ಕುಸಿದು, ಅಪ್ಪನ ಸುತ್ತಿಗೆ ಅದರಡಿ ಹೋಗಿತ್ತು. ಅವ್ವ ನನ್ನನ್ನು ಹಿಡಿದುಕೊಂಡು ಎಷ್ಟೋ ಹೊತ್ತು ಬಿಡಲಿಲ್ಲ.

ಮರುದಿನ ಆ ಒಡಕಿನಿಂದಲೇ ಸಿಹಿನೀರು ಬಂತು. ಹಳದಿ ಮಿಣುಕು ಬರೀ ತುಕ್ಕಿನ ಬಣ್ಣವಂತೆ. ಅವ್ವ ಸಾಯುವವರೆಗೂ ಗಾಜಿನ ಬಳೆಯಲ್ಲೇ ಇದ್ದಳು, ಒಂದು ದಿನವೂ ಪಾಟ್ಲಿಯ ಮಾತೆತ್ತಲಿಲ್ಲ.

ಈಗ ಅಪ್ಪನಿಲ್ಲ, ದೊಡ್ಡಪ್ಪನಿಲ್ಲ. ಸುತ್ತಲಿನ ಬೋರುಗಳ ನಡುವೆ ಬಾವಿ ಬತ್ತಿದೆ. ನನ್ನ ಕಿವಿಯೂ ಮಂದವಾಗಿದೆ. ಸೊಲ್ಲಾಪುರಕ್ಕೆ ಕೊಟ್ಟ ಮಗಳು ಫೋನಿನಲ್ಲಿ, "ಎಲ್ಲಾ ಚಲೋ ಐತಿ ಬೇ ಯವ್ವಾ," ಎನ್ನುತ್ತಾಳೆ. ಅದು ಠಣ್ ಎಂದಿತೋ ದಬ್ ಎಂದಿತೋ ನನಗೆ ತಿಳಿಯುವುದಿಲ್ಲ. ಅಂಗೈ ಒತ್ತಿ ನೋಡೋಣವೆಂದರೆ, ಫೋನು ಯಾವಾಗಲೂ ನಡುಗುತ್ತಲೇ ಇರುತ್ತದೆ, ಅಥವಾ ನನ್ನ ಕೈಯೇ.