ಚಿಕ್ಕ ಸಿಲಿಂಡರಿನ ಗಾಳಿ ಎಲ್ಲಿ ಹೋಯಿತು?

ನನ್ನ ತಮ್ಮ ಪಾಂಡಿ ಈಗ ದಿಂಡಿಗಲ್‌ನಲ್ಲಿ ಬೀಗ ಮಾರುತ್ತಾನೆ. ಹೋದ ವಾರ ಅವನ ಅಂಗಡಿಗೆ ಹೋಗಿ ಬಲಗಡೆ ನಿಂತು ಕರೆದೆ. ತಿರುಗಲಿಲ್ಲ. ಎಡಗಡೆಗೆ ಬಂದು ಕರೆದೆ. "ಬಾಕ್ಕಾ, ಯಾವಾಗ ಬಂದೆ?" ಎಂದು ನಕ್ಕ.

ಎರಡು ವರ್ಷದ ಹಿಂದೆ ಇದೇ ಪಾಂಡಿ ತೂತ್ತುಕುಡಿ ಬಂದರಿನಲ್ಲಿ ಡೈವರ್. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಹಡಗಿನ ಅಡಿಗೆ ಹೋಗಿ ತಳ ಪರೀಕ್ಷಿಸುತ್ತಿದ್ದ. (ಒಡಹುಟ್ಟಿದವನಲ್ಲ, ಚಿಕ್ಕಪ್ಪನ ಮಗ. ನಮ್ಮ ಮನೆಯಲ್ಲಿ ಆ ವ್ಯತ್ಯಾಸ ಎತ್ತಿದರೆ ಬೈಸಿಕೊಳ್ಳುತ್ತೀರಿ.)

ಈಗ ಇದೆಲ್ಲ ಯಾಕೆ? ಲಕ್ಷದ್ವೀಪದಲ್ಲಿ ಸ್ಕೂಬಾ ಕಲಿತು ಬಂದ ಗೆಳತಿಯೊಬ್ಬಳು ಹೋದ ತಿಂಗಳು ಕೇಳಿದಳು. "ದೊಡ್ಡ ಸಿಲಿಂಡರ್ ಜೊತೆ ಒಂದು ಚಿಕ್ಕ ಸ್ಪೇರ್ ಸಿಲಿಂಡರ್ ಬೇಕೇ ಬೇಕಾ? ದಂಡದ ಭಾರ ಅಂತಾರಲ್ಲ, ನಿನ್ನ ತಮ್ಮನ್ನ ಕೇಳಿ ಹೇಳು."

ಕೇಳುವುದು ಸುಲಭವಾ? ಹೇಳುತ್ತೇನೆ, ನೀವೇ ನೋಡಿ.

ಚಿಕ್ಕಪ್ಪನದು ಮಾರ್ಕಯನ್‌ಕೋಟ್ಟೈನಲ್ಲಿ ದ್ರಾಕ್ಷಿ ತೋಟ. (ತಮಿಳುನಾಡಿನಲ್ಲಿ ಕನ್ನಡದ ಮನೆಯಾ ಎಂದು ಪ್ರತಿಸಲ ಕೇಳುತ್ತೀರಿ. ಹೌದು, ನೂರಾರು ವರ್ಷಗಳಿಂದ. ಮುಂದೆ ಹೋಗೋಣ.) ಆ ದೀಪಾವಳಿಯ ಹೊತ್ತಿಗೆ ಮಳೆ ಚೆನ್ನಾಗಿ ಹಿಡಿದು ಬಾವಿ ತುಂಬಿತ್ತು. ಹಗ್ಗ ಹರಿದು ನೀರೊಳಗಿನ ಮೋಟಾರು ತಳ ಸೇರಿತ್ತು. ಊರಿನ ಈಜುಗಾರರು ಮುಳುಗಿ ಮುಳುಗಿ ಸೋತರು. ಹಬ್ಬಕ್ಕೆ ಬಂದ ಪಾಂಡಿ ಜೀಪಿನಲ್ಲಿ ಎರಡು ಸಿಲಿಂಡರ್ ತಂದ. ಒಂದು ದೊಡ್ಡದು. ಇನ್ನೊಂದು ಸೋರೆಕಾಯಿಯಷ್ಟು.

"ಇದೇನ್ಡಾ ಸಣ್ಣದು?" ಎಂದ ಚಿಕ್ಕಪ್ಪ.

"ಸ್ಪೇರ್, ಅಪ್ಪಾ. ದೊಡ್ದು ಕೈಕೊಟ್ರೆ ಇದು."

"ಅಪ್ಪೊ, ಸುಮ್ಮಾ ತಾನೇ ಬಿದ್ದಿರ್ತೈತಿ?"

"ಸುಮ್ಮಾ ಇರೋದೇ ಅದ್ರ ವೇಲೆ, ಅಪ್ಪಾ." (ಅಪ್ಪೊ ಎಂದರೆ ಹಾಗಾದರೆ, ವೇಲೆ ಎಂದರೆ ಕೆಲಸ.)

ಈ ಮಾತು ಚಿಕ್ಕಪ್ಪನಿಗೆ ಅರ್ಥವಾಗುವಂಥದ್ದಲ್ಲ. ಅವನ ಮನೆಯಲ್ಲಿ ಯಾವುದೂ ಸುಮ್ಮನಿರುವ ಹಾಗಿಲ್ಲ. ಕೆಟ್ಟ ಟಿವಿಯ ಪೆಟ್ಟಿಗೆಯಲ್ಲಿ ಕೋಳಿ ಕಾವು ಕೂತಿರುತ್ತದೆ. ಹಳೆಯ ಸೀರೆ ದ್ರಾಕ್ಷಿ ಬಳ್ಳಿ ಕಟ್ಟುವ ದಾರವಾಗುತ್ತದೆ. ಮನೆಗೆ ಬಂದ ಸಾಮಾನು ಮನೆಯದು, ಹಿರಿಯರು ಯಾವಾಗ ಬೇಕಾದರೂ ಎತ್ತಿಕೊಳ್ಳಬಹುದು. ನಮ್ಮಲ್ಲಿ ಇದಕ್ಕೆ ಎರಡನೇ ಮಾತಿಲ್ಲ.

ಮಾರನೆಯ ಬೆಳಿಗ್ಗೆ ಪಾಂಡಿ ಬಾವಿಗೆ ಇಳಿದ. ಇಳಿಯುವ ಮುಂಚೆ ಚಿಕ್ಕ ಸಿಲಿಂಡರಿನಿಂದ ಒಂದು ಉಸಿರು ಎಳೆದು ನೋಡಿದ. ಬಂತು. ಅದಕ್ಕೆ ಗಾಳಿ ಅಳೆಯುವ ಮೀಟರ್ ಇರಲಿಲ್ಲ. ತೂತ್ತುಕುಡಿಯಲ್ಲಿ ತುಂಬಿಸಿದ್ದು, ಯಾರೂ ಮುಟ್ಟಿಲ್ಲ ಎಂದೇ ಅವನ ಲೆಕ್ಕ.

ತಳದಲ್ಲಿ ಬರೀ ಕೆಸರು. ಮೋಟಾರಿಗೆ ಹಗ್ಗ ಬಿಗಿಯುವಷ್ಟರಲ್ಲಿ ದೊಡ್ಡ ಸಿಲಿಂಡರ್ ಖಾಲಿಯಾಗುತ್ತಾ ಬಂತು. ಉಸಿರು ಬಿಗಿಯಾದಾಗ ಚಿಕ್ಕದನ್ನು ಬಾಯಿಗೆ ಇಟ್ಟುಕೊಂಡ. ಒಂದೆರಡು ಉಸಿರು ಬಂತು. ಆಮೇಲೆ ಏನೂ ಇಲ್ಲ.

ಮೇಲೆ ನಿಂತಿದ್ದ ನಮಗೆ ಕಂಡದ್ದು ಇಷ್ಟೇ: ಗುಳ್ಳೆಗಳು, ಆಮೇಲೆ ಬಾಣದ ಹಾಗೆ ಎದ್ದು ಬಂದ ಪಾಂಡಿ, ಮೂಗಿನಿಂದ ರಕ್ತ. ಮೆಟ್ಟಿಲ ಮೇಲೆ ಮಲಗಿಸಿದೆವು. ಚಿಕ್ಕಪ್ಪ ತನ್ನ ಟವೆಲಿನಿಂದ ಮಗನ ಮೂಗು ಒರೆಸುತ್ತಾ, ಯಾರೂ ಕೇಳದೆಯೇ ಹೇಳಿದ:

"ನೆನ್ನೆ ಬಳ್ಳಿಗೆ ಮದ್ದು ಹೊಡೀವಾಗ ಸ್ಪ್ರೇಯರ್ ಮೂತಿ ಅಡಚ್ಕೊಂಡಿತ್ತುಡಾ. ಮೈಲುತುತ್ತ, ಸುಣ್ಣ. ಆ ಸಣ್ಣದ್ರ ಗಾಳೀಲಿ ಊದ್ದೆ. ಕೊಂಜ, ಒಂಚೂರು ಗಾಳಿ ತಾನೇ ಅಂತ..."

"ಒಂದ್ ಮಾತು ಹೇಳ್ಬಾರ್ದಾ, ಅಪ್ಪಾ?" ಪಾಂಡಿ ಕಣ್ಣು ಬಿಡಲಿಲ್ಲ.

"ಮನೆ ಸಾಮಾನ್ಗೆ ಮಗನ್ನ ಕೇಳ್ತಾರಾ?"

ಚಿಕ್ಕಪ್ಪ ಜೋರು ಮಾಡಲಿಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದ.

ಮೋಟಾರು ಮೇಲೆ ಬಂತು. ಒಮ್ಮೆಲೇ ಮೇಲೆದ್ದು ಬಂದ ಒತ್ತಡಕ್ಕೆ ಪಾಂಡಿಯ ಬಲಗಿವಿ ಹೋಯಿತು. ಇನ್ನು ನೀರಿಗೆ ಇಳಿಯಲೇಬಾರದು ಎಂದರು ಮದುರೆಯ ಡಾಕ್ಟರು. ಕಡಲು ಬಿಟ್ಟು ಬೇರೇನೂ ಬೇಡದ ಹುಡುಗ ಬೀಗದ ಅಂಗಡಿ ಸೇರಿದ.

ಚಿಕ್ಕಪ್ಪನನ್ನು ಬೈಯುವ ಮೊದಲು ನಮ್ಮ ನಮ್ಮ ಮನೆ ನೋಡಿಕೊಳ್ಳೋಣ. ಎರಡನೇ ಗ್ಯಾಸ್ ಸಿಲಿಂಡರ್ ಪಕ್ಕದ ಮನೆಯಲ್ಲಿ ಇರುತ್ತದೆ. ಕರೆಂಟ್ ಹೋದಾಗ ಬೇಕೆಂದು ಇಟ್ಟ ಮೇಣದಬತ್ತಿ ಬರ್ತ್‌ಡೇ ಕೇಕಿನ ಪಾಲಾಗಿರುತ್ತದೆ. ಬೀರುವಿನ ಎರಡನೇ ಕೀ ಎಲ್ಲಿ? ಜೋಪಾನವಾಗಿ ಬೀರುವಿನ ಒಳಗೇ. ಸ್ಪೇರ್ ಕೊಳ್ಳುವುದರಲ್ಲಿ ನಾವು ಮುಂದು. ಅದನ್ನು ಸ್ಪೇರ್ ಆಗಿಯೇ ಬಿಡುವುದಕ್ಕೆ ನಮ್ಮ ಕೈ ಕೇಳುವುದಿಲ್ಲ. ಬಳಸಿದೆ ಎಂದು ಹೇಳುವುದಕ್ಕಂತೂ ಬಾಯೇ ಬರುವುದಿಲ್ಲ.

ಹೋದ ವಾರ ಅಂಗಡಿಯಲ್ಲಿ ಪಾಂಡಿ ಟೀ ತರಿಸಿದ. ಧೈರ್ಯ ಮಾಡಿ ಗೆಳತಿಯ ಪ್ರಶ್ನೆ ಕೇಳಿಯೇಬಿಟ್ಟೆ.

"ಬೇಕುಕ್ಕಾ. ಕಟ್ಟಾಯ ಬೇಕು," ಎಂದ. (ಕಟ್ಟಾಯ ಎಂದರೆ ಖಂಡಿತ.) ಲೋಟ ಕೆಳಗಿಟ್ಟ. "ಆದ್ರೆ ಒಂದು. ಅವತ್ತು ಸಣ್ಣದು ಇಲ್ದೇ ಹೋಗಿದ್ರೆ, ಉಸ್ರು ಬಿಗಿಯಾದ ತಕ್ಷಣ ಮೇಲೆ ಬಂದ್ಬಿಡ್ತಿದ್ದೆ. ಅದು ಐತಲ್ಲ ಅಂತ ಇನ್ನೊಂದ್ ಗಂಟು ಹಾಕ್ತಾ ಕೂತೆ."

ತಪ್ಪು ಯಾರದ್ದು ಎಂದು ಎರಡು ವರ್ಷದಿಂದ ಮನೆಯಲ್ಲಿ ಎಲ್ಲರೂ ಅಪ್ಪನ ಕಡೆ ನೋಡಿದ್ದೇವೆ. ಮಗ ಒಬ್ಬನೇ ಕೂತು ಆ ಗಂಟನ್ನು ನೆನೆಯುತ್ತಿದ್ದಾನೆ ಎಂದು ಯಾರಿಗೆ ಗೊತ್ತಿತ್ತು?

ಗೆಳತಿಗೆ ಹೇಳಿದ್ದೇನೆ. ಚಿಕ್ಕ ಸಿಲಿಂಡರ್ ತಗೊಂಡು ಹೋಗು, ಪ್ರತಿಸಲ ಇಳಿಯುವ ಮುಂಚೆ ಅದರಲ್ಲಿ ಗಾಳಿ ಎಷ್ಟಿದೆ ಅಂತ ಅಳೆದು ನೋಡು, ಆಮೇಲೆ ಅದು ಇಲ್ಲವೇ ಇಲ್ಲ ಅಂದುಕೊಂಡು ಇಳಿ.

ಹೊರಡುವ ಹೊತ್ತಿಗೆ ಅಂಗಡಿಯ ಫೋನ್ ಬಡಿಯಿತು. ಊರಿನ ಎಸ್‌ಟಿಡಿ ಬೂತಿನಿಂದ ಚಿಕ್ಕಪ್ಪ. ದುಡ್ಡು ಸುಟ್ಟುಕೊಂಡು ಫೋನ್ ಮಾಡುವ ಜಾತಿಯವನೇ ಅಲ್ಲ. ಅವನ ದನಿ ನನಗೂ ಕೇಳುವಷ್ಟು ದೊಡ್ಡದು.

"ನಿನ್ನ ಸೈಕಲ್ ಮನೇಲಿ ಸುಮ್ಮಾ ನಿಂತೈತಿಡಾ. ಚಿನ್ನಮನೂರ್ ಸಂತೆಗೆ ಎತ್ಕೊಂಡೋಗ್ಲಾ?"

"ಎತ್ಕೊಂಡೋಗಪ್ಪಾ," ಎಂದ ಪಾಂಡಿ.

ಒಬ್ಬ ಅಪ್ಪ ಮಗನನ್ನು ಒಂದು ಮಾತು ಕೇಳುವುದನ್ನು ಕಲಿಯಲು, ಮಗನ ಕಿವಿಯೇ ಹೋಗಬೇಕಿತ್ತಾ?