ಸೈಕಲ್ಲಿನ ಹಲ್ಲು ನೋಡಿದ ಅತ್ತೆ

ನನ್ನ ಅತ್ತೆಯ ಬಲಗೈ ಹೆಬ್ಬೆರಳು ಉಳಿದ ಬೆರಳುಗಳ ಜೊತೆ ಹುಟ್ಟಿದ್ದಲ್ಲವೇನೋ ಎಂಬಷ್ಟು ದಪ್ಪವಿತ್ತು. ಉಗುರಿನ ಬುಡದಲ್ಲಿ ಕುರಿಯ ದವಡೆಹಲ್ಲು ಕಚ್ಚಿದ ಹಳೆಯ ಗಾಯ, ಅದರ ಸುತ್ತ ತಂಬಾಕಿನ ಹಳದಿ. ಆ ಹೆಬ್ಬೆರಳನ್ನು ಅವಳು ಎಲ್ಲೆಂದರಲ್ಲಿ ತೂರಿಸುತ್ತಿದ್ದಳು: ಬದನೆಕಾಯಿಯ ತೊಟ್ಟಿನ ಕೆಳಗೆ, ಹಾಲಿನ ಗಡಿಗೆಯೊಳಗೆ, ಜೋಳದ ಚೀಲದ ತಳಕ್ಕೆ. ನನಗೆ ಜ್ವರ ಬಂದರೆ ಹಣೆ ಮುಟ್ಟುವ ಬದಲು ಬಾಯಿ ತೆರೆಸಿ ಒಳಗಿನ ಕೆನ್ನೆ ಒತ್ತಿ ನೋಡುತ್ತಿದ್ದಳು. ನನ್ನ ಅಕ್ಕನನ್ನು ನೋಡಲು ಬಂದ ಭಾಲ್ಕಿಯ ವರನಿಗೆ ಎಲ್ಲರೆದುರೇ "ಸ್ವಲ್ಪ ನಗ್ರಿ, ಹಲ್ಲ ನೋಡ್ತೇನಿ" ಎಂದಳು. ಅವನು ನಕ್ಕ, ಮದುವೆಯೂ ಆಯಿತು. ಆದರೆ ಆ ಭಾವ ಇವತ್ತಿಗೂ ನಮ್ಮ ಮನೆಗೆ ಬಂದರೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಗುತ್ತಾನೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಡಾಬಕಾ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಮೈದುನರು ಕುರಿ ಮಾರಿಬಿಡೋಣ ಎಂದಾಗ, "ಕುರಿ ಮಾರೋದು ನನಗೂ ಬರ್ತದ" ಎಂದು ಹಿಂಡನ್ನು ತಾನೇ ಹಿಡಿದು, ಭಾಲ್ಕಿಯ ಸಂತೆಯಲ್ಲಿ ಗಂಡಸರ ನಡುವೆ ನಿಂತವಳು. ಅವಳಿಗೆ ಲೋಕದ ಮೇಲೆಲ್ಲ ಶಕ್. ಅನುಮಾನ ಎಂಬ ಮಾತು ಅವಳ ಬಾಯಲ್ಲಿ ಬರುತ್ತಿರಲಿಲ್ಲ, ಬೀದರ ಸೀಮೆಯ ಶಕ್ ಒಂದೇ ಸಾಕಾಗಿತ್ತು. ಉಪ್ಪು ತಿನ್ನಿಸಿ ನೀರು ಕುಡಿಸಿ ಹೊಟ್ಟೆ ಉಬ್ಬಿಸಿದ ಕುರಿಯನ್ನು ಕೊಬ್ಬಿದ ಕುರಿ ಎಂದು ಮಾರುವವರನ್ನು ನೋಡಿ ನೋಡಿ ಬಂದ ಗುಣ ಇರಬೇಕು.

ಆದರೆ ತನ್ನ ಕುರಿ ಮಾರುವಾಗ ಕೊಳ್ಳುವವನು ಕೇಳುವ ಮೊದಲೇ ಹಲ್ಲಿನಿಂದ ವಯಸ್ಸು ತಿಳಿಯಲೆಂದು ಅದರ ಬಾಯಿ ತೆರೆದು ತೋರಿಸುತ್ತಿದ್ದಳು. ಯಾರಾದರೂ ಸಂಕೋಚಪಟ್ಟು, "ಇರ್ಲಿ ಬಿಡವ್ವಾ, ನಿಮ್ಮ ಮ್ಯಾಲ ಭರವಸಾ ಅದ" ಎಂದರೆ ರೇಗುತ್ತಿದ್ದಳು.

"ಭರವಸಾ ಮನ್ಯಾಗ ಇಟ್ಟು ಬಾ. ಇಲ್ಲಿ ಕೈ ಹಾಕಿ ನೋಡು. ನೋಡೋದಂದ್ರ ಬೈಗುಳ ಅಲ್ಲ."

ಈ ಮಾತನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು.

ಇಂಥವಳು ನನ್ನ ಸೈಕಲ್ಲಿಗೆ ಗಂಟುಬಿದ್ದದ್ದು ಅಪ್ಪನಿಂದ. ನಾನು ಸಂತಪುರದಿಂದ ಔರಾದಿನ ಕಾಲೇಜಿಗೆ ಸೈಕಲ್ಲಿನ ಮೇಲೆ ಹೋಗುತ್ತಿದ್ದೆ. ಬಸ್ಸಿಗಿಂತ ಮೊದಲು ಮುಟ್ಟುತ್ತೇನೆಂಬ ಸುದ್ದಿ ಹೇಗೋ ಬೀದರದ ಸೈಕಲ್ ಕೋಚ್ ಕಿವಿಗೆ ಬಿತ್ತು. ಅವರು ತಮ್ಮ ಹಳೆಯ ರೇಸ್ ಸೈಕಲ್ ಕೊಟ್ಟು, ಜಿಲ್ಲೆಯಿಂದ ರಾಜ್ಯದ ತಂಡಕ್ಕೆ ಹೋಗಬಹುದು ಎಂದರು. ಅಪ್ಪ ಬಹಳ ಯೋಚನೆ ಮಾಡಿ ಒಂದು ಷರತ್ತು ಹಾಕಿದ.

"ಅತ್ತಿ ಸಂಗಟ ಬಂದ್ರ ರೇಸಿಗಿ ಹೋಗು. ಆಕಿ ಬರಲಿಲ್ಲಂದ್ರ ಸೈಕಲ್ ಮಾಳಿಗಿ ಮ್ಯಾಲ ಏರ್ತದ. ಮತ್ತ ಕೆಳಗ ಇಳಿಯಂಗಿಲ್ಲ."

ಹೀಗೆ ನನ್ನ ಓಟವೆಲ್ಲ ಅತ್ತೆಯ ಕಾಲಿಗೆ ಕಟ್ಟಿಬಿದ್ದಿತು. ರೇಸ್ ಇದ್ದಾಗಲೆಲ್ಲ ಅವಳು ಡಾಬಕಾದಿಂದ ಬಸ್ ಹಿಡಿದು ಬರುತ್ತಿದ್ದಳು, ಸೆರಗಿನಲ್ಲಿ ತಂಬಾಕಿನ ಪುಡಿಕೆ, ಕೈಚೀಲದಲ್ಲಿ ರೊಟ್ಟಿ, ಹಿಂಡಿ ಎಂಬ ಶೇಂಗಾ ಚಟ್ನಿಪುಡಿ. ಬಂದವಳು ಸುಮ್ಮನೆ ನೆರಳಲ್ಲಿ ಕೂತಿದ್ದರೆ ನಾನು ಇದನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಒಂದು ದಿನ ಕೋಚ್ ತಮ್ಮ ಫೋನಿನಲ್ಲಿ ಯಾವುದೋ ದೇಶದ ರೇಸ್ ತೋರಿಸಿದರು. ಸವಾರ ಬಿದ್ದಿದ್ದ, ಅವನ ಸೈಕಲ್ಲಿನ ಹಿಂದಿನ ಚಕ್ರ ಮಾತ್ರ ನೆಲದ ಮೇಲೆ ತಿರುಗುತ್ತಲೇ ಇತ್ತು. ಅಲ್ಲಿಯ ದೊಡ್ಡ ರೇಸುಗಳಲ್ಲಿ ಸೀಟಿನ ಕೆಳಗಿನ ಪೈಪಿನೊಳಗೆ ಬೆರಳಷ್ಟು ದಪ್ಪದ ಮೋಟಾರು ಅಡಗಿಸಿಟ್ಟಿರುತ್ತಾರೆಂದು ಜನ ಆಡಿಕೊಳ್ಳುತ್ತಾರೆ, ಹಿಡಿಯಲಿಕ್ಕೆ ಈಗ ಯಂತ್ರಗಳೂ ಬಂದಿವೆ, ಎಕ್ಸ್‌ರೇ ಕೂಡ ತೆಗೆಯುತ್ತಾರೆ ಎಂದು ವಿವರಿಸಿದರು. ನನ್ನ ಹಿಂದೆ ಅತ್ತೆ ಬಗ್ಗಿ ನೋಡುತ್ತಿದ್ದಳೆಂದು ಇಬ್ಬರಿಗೂ ಗೊತ್ತಿರಲಿಲ್ಲ.

"ಗೆದ್ದವ ತಾನೇ ಬಿಚ್ಚಿ ತೋರ್ಸಿದ್ರ ಮುಗೀತಲ್ರಿ ಸರ್?" ಎಂದಳು.

"ಅವರು ದೊಡ್ಡ ಆಟಗಾರ್ರು. ಹಂಗ ಕೇಳಿದ್ರ ಅವಮಾನ ಅಂತಾರವ್ವಾ."

"ಬಾಯಿ ತೋರ್ಸಲಕ ಅವಮಾನಾ? ಇದೆಂಥಾ ಸಂತಿರಿ!"

ಕೋಚ್ ಫೋನ್ ಜೇಬಿಗಿಟ್ಟರು. ತಡವಾಗಿತ್ತು. ಅವತ್ತಿನಿಂದ ಬೀದರ ಜಿಲ್ಲೆಯ ಒಂದು ಸೈಕಲ್ಲೂ ಅತ್ತೆಯ ಹೆಬ್ಬೆರಳಿನಿಂದ ಪಾರಾಗಲಿಲ್ಲ.

ರೇಸಿಗೆ ಮೊದಲು ಪ್ರತಿಯೊಂದು ಸೈಕಲ್ಲನ್ನು ಕುರಿಮರಿ ಎತ್ತಿದಂತೆ ಎತ್ತಿ ತೂಗುವಳು. ಪೈಪಿಗೆ ಕಿವಿ ಹಚ್ಚುವಳು. ಪೆಡಲ್ ಹಿಂದಕ್ಕೆ ತಿರುಗಿಸಿ ಸದ್ದು ಆಲಿಸುವಳು. ಯಾರ ಅಪ್ಪಣೆಯೂ ಬೇಕಿರಲಿಲ್ಲ. ಯಾರಾದರೂ ತಡೆದರೆ, ಶಕ್ ಇನ್ನೂ ಜಾಸ್ತಿ. ರೇಸ್ ಮುಗಿದ ಕೂಡಲೇ ಓಡಿ ಬಂದು ಸೀಟಿನ ಕೆಳಗೆ ಅಂಗೈ ಇಡುವಳು. ಜ್ವರ ಬಂದ ಕುರಿಯ ಕಿವಿ ಬಿಸಿಯಿರುತ್ತದಂತೆ, ಹಾಗೆ ಮೋಟಾರು ಓಡಿದರೆ ಪೈಪೂ ಬಿಸಿಯಾಗಬೇಕು ಎಂಬುದು ಅವಳ ಲೆಕ್ಕ. ಬೀದರದ ಬಿಸಿಲಲ್ಲಿ ಕಬ್ಬಿಣ ಮುಟ್ಟಿದರೆ ಏನಾಗುತ್ತದೆಂಬುದು ಮಾತ್ರ ಆ ಲೆಕ್ಕದಲ್ಲಿ ಇರಲಿಲ್ಲ.

ಹುಮನಾಬಾದ ಕಡೆಯ ಒಬ್ಬ ಹುಡುಗಿಯ ಸೈಕಲ್ ಕಪ್ಪು ಬಣ್ಣದ್ದು. ರೇಸ್ ಗೆದ್ದು, ಸೈಕಲ್ಲನ್ನು ಬಿಸಿಲಿಗೆ ಒರಗಿಸಿ ನೀರು ಕುಡಿಯುತ್ತಿದ್ದಳು. ಅತ್ತೆ ಅಂಗೈ ಇಟ್ಟವಳೇ ಕೂಗಿದಳು.

"ಕುದಿಲತ್ತದ ನೋಡ್ರಿ! ಒಳಗ ಅದ! ಬಿಚ್ಚರಿ!"

ಜನ ಸೇರಿತು. ಆ ಹುಡುಗಿ ಅಳತೊಡಗಿದಳು. ಕೋಚ್ ತಲೆ ಚಚ್ಚಿಕೊಂಡು ಸೀಟು ಕಿತ್ತು ಸೈಕಲ್ ತಲೆಕೆಳಗೆ ಮಾಡಿದರೆ, ಪೈಪಿನಿಂದ ತೊಟ್ಟಿಕ್ಕಿದ್ದು ತುಕ್ಕುನೀರು, ಜೊತೆಗೆ ಸತ್ತ ಜಿರಲೆ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಅತ್ತೆಗೆ ಮಾತ್ರ ಏನೂ ಆಗಿರಲಿಲ್ಲ. ಹುಡುಗಿಯ ಕೈಗೆ ರೊಟ್ಟಿ ಹಿಂಡಿ ತುರುಕಿ, "ಅಳಬ್ಯಾಡವ್ವಾ. ಎಲ್ಲಾರ ಕಣ್ಣ ಮುಂದ ನೋಡೇವಿ, ಇನ್ನ ನಿನಗ ಯಾರೂ ಒಂದ್ ಮಾತ ಅನ್ನಂಗಿಲ್ಲ" ಎಂದಳು. ಆ ಹುಡುಗಿ ಅಳುತ್ತಳುತ್ತಲೇ ರೊಟ್ಟಿ ತಿಂದಳು. ಅವತ್ತು ಬಸ್ಸಿನಲ್ಲಿ ನಾನು ಅತ್ತೆಯ ಪಕ್ಕ ಕೂರಲಿಲ್ಲ.

ಇದಕ್ಕಿಂತ ಕೆಟ್ಟದ್ದು ಬರುವುದಿತ್ತು. ರಾಜ್ಯ ತಂಡದ ಆಯ್ಕೆಯ ರೇಸ್, ಬೀದರದಿಂದ ಭಾಲ್ಕಿಗೆ ಹೋಗಿ ಮರಳಿ ಬರಬೇಕು, ಮೊದಲ ಮೂವರಿಗೆ ಅವಕಾಶ. ಎಲ್ಲರೂ ಸಾಲಾಗಿ ನಿಂತಿದ್ದೇವೆ. ಅತ್ತೆ ನುಗ್ಗಿ ಬಂದಳು.

"ಮಂದಿದು ಆಮ್ಯಾಲ. ಮೊದಲ ನಮ್ಮ ಮನಿದು ಬಿಚ್ಚು."

"ಅತ್ತಿ, ಸೀಟಿ ಊದಲತ್ತಾರ! ಸರಿ ಆ ಕಡಿ!"

"ಅದಕ್ಕs ಹೇಳ್ಲತ್ತೇನಿ, ಜಲ್ದಿ ಬಿಚ್ಚು."

ಬೋಲ್ಟು ಬಿಚ್ಚುವ ಅಲೆನ್ ಕೀ ನನ್ನ ಕೈಯಿಂದ ಕಿತ್ತುಕೊಂಡು ತಾನೇ ಸೀಟು ತೆಗೆದಳು, ಪೈಪಿನೊಳಗೆ ಟಾರ್ಚಿನ ಬೆಳಕು ಬಿಟ್ಟಳು, ನೆರೆದವರಿಗೆಲ್ಲ ತೋರಿಸಿದಳು, ಮತ್ತೆ ತಾನೇ ಸಿಕ್ಕಿಸಿದಳು. ಬಿಗಿಯುವುದನ್ನು ಮರೆತಳು. ಅರ್ಧ ದಾರಿ ದಾಟುವ ಹೊತ್ತಿಗೆ ಸೀಟು ಇಳಿದು ಇಳಿದು ಮೊಣಕಾಲು ಎದೆಗೆ ಬಡಿಯುತ್ತಿತ್ತು. ನಾನು ನಾಲ್ಕನೆಯವಳಾಗಿ ಬಂದೆ. ನನ್ನ ಒಂದು ವರ್ಷ ಹಾಳಾಯಿತು. ಇಲ್ಲದ ಮೋಟಾರು ಹುಡುಕಲಿಕ್ಕೆ ಹೋಗಿ ಇದ್ದ ಬೋಲ್ಟು ಸಡಿಲ ಮಾಡುವವರು ಲೋಕದಲ್ಲಿ ನಮ್ಮ ಅತ್ತೆಯೊಬ್ಬಳೇ ಇರಬೇಕು.

ಸಂತಪುರದ ಮನೆಯಲ್ಲಿ ನಾನು ಬಾಯಿಗೆ ಬಂದಂತೆ ಕೂಗಾಡಿದೆ. ಅವಳು ಕೂತು ಕೇಳಿದಳು. ಕೊನೆಗೆ, "ಬಿಚ್ಚಿದ್ದು ತಪ್ಪಲ್ಲ. ಬಿಗೀಲಾರ್ದು ತಪ್ಪು" ಎಂದಳು. ಮುಂದಿನ ಸಲ ಡಾಬಕಾದಿಂದ ಬರುವಾಗ ಕುರಿಗಳ ಬೆನ್ನಿಗೆ ಗುರುತು ಹಾಕುವ ಕೆಂಪು ಬಣ್ಣದ ಡಬ್ಬಿ ತಂದಿದ್ದಳು. ಸೀಟಿನ ದಂಡ ಎಷ್ಟು ಮೇಲೆ ನಿಲ್ಲಬೇಕೋ ಅಲ್ಲಿ ಸುತ್ತ ಒಂದು ಗೆರೆ ಬಳಿದಳು. ಹೆಬ್ಬೆರಳಿನಿಂದಲೇ ಬಳಿದದ್ದರಿಂದ ಗೆರೆ ಸೊಟ್ಟಪಟ್ಟ ಬಂತು. ಸೀಮೆಎಣ್ಣೆ ಹಾಕಿ ತಿಕ್ಕಿದರೂ ಹೋಗಲಿಲ್ಲ. ಉಳಿದ ಹುಡುಗಿಯರು ನನ್ನನ್ನು ಕುರಿ ಎಂದು ಕರೆಯತೊಡಗಿದರು. ಆಮೇಲೆ ಪ್ರತಿ ರೇಸಿಗೂ ಒಂದೇ ಪಾಠ: ನಾನೇ ಬಿಚ್ಚಬೇಕು, ನಾನೇ ತೋರಿಸಬೇಕು, ನಾನೇ ಗೆರೆಗೆ ಸರಿಯಾಗಿ ಬಿಗಿಯಬೇಕು. ಆಮೇಲೆ ಅವಳ ಪ್ರಶ್ನೆ. "ಬಿಗದೀ ಇಲ್ಲ?" ಬಿಗಿದೆ ಎಂದರೆ ನಂಬುತ್ತಾಳೆಯೇ? ಬಂದು ಅಲ್ಲಾಡಿಸಿ ನೋಡುತ್ತಿದ್ದಳು.

ಆ ವರ್ಷ ಅತ್ತೆಯ ಮಾತು ಸ್ವಲ್ಪ ಕಡಿಮೆಯಾಯಿತು. ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ತಿನ್ನುತ್ತಿದ್ದಳು. ಹಿಂಡಿ ಮುಟ್ಟುತ್ತಿರಲಿಲ್ಲ. ಕೇಳಿದರೆ "ವಯಸ್ಸಾತು, ಹಲ್ಲ ಅಲ್ಲಾಡ್ತಾವ" ಎಂದಳು. ಸದ್ಯ, ಒಂದಿಷ್ಟು ನೆಮ್ಮದಿ ಎಂದುಕೊಂಡೆ.

ಮತ್ತೆ ಆಯ್ಕೆಯ ರೇಸ್ ಬಂತು, ಅದೇ ದಾರಿ. ಭಾಲ್ಕಿಯಿಂದ ಮರಳುವಾಗ ಬೀದರಕ್ಕೆ ಹತ್ತುವ ಏರಿನಲ್ಲಿ ನನ್ನ ಕಾಲು ಅವತ್ತು ನನ್ನ ಮಾತು ಕೇಳಿತು. ಎಲ್ಲರೂ ಎದ್ದು ನಿಂತು ತುಳಿಯುತ್ತಿದ್ದರೆ ನಾನು ಕೂತೇ ಹತ್ತಿದೆ, ಹಿಂದೆ ತಿರುಗಿದರೆ ಯಾರೂ ಇರಲಿಲ್ಲ. ಮುಕ್ತಾಯದ ಗೆರೆ ದಾಟಿ ಉಸಿರು ಬಿಡುವಷ್ಟರಲ್ಲಿ ಒಬ್ಬ ಹುಡುಗಿಯ ತಂದೆ ಆಯ್ಕೆಗಾರರ ಮೇಜಿನ ಮುಂದೆ ನಿಂತಿದ್ದ.

"ಅಂಥಾ ಏರಿನ್ಯಾಗ ಕುಂತs ಹೋಗ್ತಾಳಂದ್ರ ಹ್ಯಾಂಗ್ರೀ? ಒಳಗ ಮೋಟಾರ್ ಅದ. ಸೀಟಿನ ಕೆಳಗ ಕೆಂಪು ಗುರ್ತು ಯಾಕ ಹಾಕ್ಯಾರ ಕೇಳ್ರಿ!"

ಜನ ಫೋನ್ ಎತ್ತಿ ಹಿಡಿದರು. ಆಯ್ಕೆಗಾರರು ಗುಸುಗುಸು ಮಾತಾಡಿ, ಸೈಕಲ್ಲನ್ನು ವಶಕ್ಕೆ ತೆಗೆದುಕೊಂಡು ಬೆಂಗಳೂರಿಗೆ ಕಳಿಸಿ ತಪಾಸಣೆ ಮಾಡಿಸುತ್ತೇವೆ, ಅಲ್ಲಿಯವರೆಗೆ ನಿನ್ನ ಹೆಸರು ತಡೆಹಿಡಿಯುತ್ತೇವೆ ಎಂದರು. ತಂಡದ ಹೆಸರುಗಳು ಹೋಗುವುದು ಅವತ್ತೇ ಸಂಜೆ. ನನ್ನ ಕಣ್ಣು ಉರಿಯಿತು. ಸೈಕಲ್ ಅಲ್ಲೇ ಒಗೆದು ಹೋಗಿಬಿಡಬೇಕು ಎನಿಸಿತು. ಅತ್ತೆ ಎಲ್ಲಿ ಎಂದು ನೋಡಿದೆ. ಅವಳು ದೂರದ ಬೇವಿನ ಮರದ ಕೆಳಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಬೇಡವಾದಾಗಲೆಲ್ಲ ನುಗ್ಗಿ ಬಂದವಳು, ಬೇಕಾದ ಒಂದೇ ದಿನ ಎದ್ದು ಬರಲಿಲ್ಲ!

ಸಿಟ್ಟಿನಲ್ಲೇ ನನ್ನ ಕೈ ಜೇಬಿನ ಕೀ ತೆಗೆಯಿತು. ಎಲ್ಲರೆದುರು ಸೀಟು ಕಿತ್ತೆ. ಹಿಂದಿನ ಚಕ್ರ ಬಿಚ್ಚಿ ಪಕ್ಕಕ್ಕಿಟ್ಟೆ. ಅದರಲ್ಲೂ ಏನೂ ಅಡಗಿಲ್ಲವೆಂದು ನೀರಿನ ಬಾಟಲಿ ಅವರ ಮೇಜಿನ ಮೇಲೆ ಬೋರಲು ಹಾಕಿದೆ. ಆ ತಂದೆಯ ಕೈಗೆ ಟಾರ್ಚ್ ಕೊಟ್ಟೆ.

"ಕೈ ಹಾಕಿ ನೋಡ್ರಿ, ಕಾಕಾ. ನೋಡೋದಂದ್ರ ಬೈಗುಳ ಅಲ್ಲ."

ಅವನು ಸಂಕೋಚದಿಂದ ಬಗ್ಗಿದ. ಆಯ್ಕೆಗಾರರೂ ಒಬ್ಬೊಬ್ಬರಾಗಿ ಬಗ್ಗಿದರು. ಪೈಪು ಬರಿದಾಗಿತ್ತು, ಪೆಡಲಿನ ಅಚ್ಚಿನವರೆಗೂ ಬೆಳಕು ನೇರ ಹೋಗುತ್ತಿತ್ತು. ಅಷ್ಟರಲ್ಲಿ ಎರಡನೆಯವಳಾಗಿ ಬಂದಿದ್ದ ಆ ಕಪ್ಪು ಸೈಕಲ್ಲಿನ ಹುಡುಗಿ ತನ್ನ ಸೀಟನ್ನೂ ಕಿತ್ತು ಮುಂದೆ ಹಿಡಿದಳು. "ನಂದೂ ನೋಡಿಬಿಡ್ರಿ ಒಮ್ಮಿ" ಎಂದವಳು ನನ್ನ ಕಡೆ ತಿರುಗಿ, "ಆ ಮುದುಕಿ ಎಲ್ಲಿ? ಬಂದಿಲ್ಲೇನ್ ಇವತ್ತ?" ಎಂದು ಕೇಳಿದಳು. ಅವಳ ದನಿಯಲ್ಲಿದ್ದದ್ದು ಸಿಟ್ಟಲ್ಲ. ಆಯ್ಕೆಗಾರರು ನನ್ನ ಹೆಸರು ಬರೆದುಕೊಂಡರು.

ಸೀಟನ್ನು ಕೆಂಪು ಗೆರೆಗೆ ಕೂರಿಸಿ, ಸೈಕಲ್ ತಳ್ಳಿಕೊಂಡು, ಜಗಳಕ್ಕೇ ಹೊರಟಂತೆ ಬೇವಿನ ಮರದ ಕಡೆ ಹೋದೆ.

"ಬಾಯಾಗ ಏನ್ ಇಟಗೊಂಡು ಕುಂತಿದ್ದಿ? ಒಂದ್ ಮಾತ ಆಡ್ಲಿಕ್ಕೆ ಆಗ್ಲಿಲ್ಲೇನ್?"

ಅತ್ತೆ ಹೆಬ್ಬೆರಳಿಗೆ ತೋರುಬೆರಳು ಸೇರಿಸಿ, ಕೀ ತಿರುವಿದಂತೆ ತಿರುವಿ, ಹುಬ್ಬು ಹಾರಿಸಿದಳು. ಬಿಗದೀ ಇಲ್ಲ? ಹಾಗೆ ಕೈ ಎತ್ತಿದಾಗ ಸೆರಗು ಜಾರಿತು. ಅದರ ತುಂಬ ರಕ್ತ.

ನೋಡುತ್ತೇನೆ ಎಂದರೆ ತಲೆ ಆ ಕಡೆ ಹೊರಳಿಸಿದಳು. "ನೋಡೋದಂದ್ರ ಬೈಗುಳ ಅಲ್ಲ ಅಂತಿದ್ದೆಲ್ಲ!" ಎಂದು ಕಿರುಚಿದೆ. ಆಗ ತಾನೇ ಬಾಯಿ ತೆರೆದಳು. ತಂಬಾಕು ಇಡುತ್ತಿದ್ದ ಕಡೆಯ ಕೆನ್ನೆಯನ್ನು ಒಳಗಿನಿಂದ ಹುಣ್ಣು ತಿಂದುಹಾಕಿತ್ತು.

ಬೀದರದ ಆಸ್ಪತ್ರೆಯಲ್ಲಿ ಡಾಕ್ಟರು, ಹುಣ್ಣು ಒಂದು ವರ್ಷದ್ದಿರಬೇಕು, ಆಗಲೇ ತೋರಿಸಿದ್ದರೆ ಕತ್ತರಿಸಿ ತೆಗೆಯಬಹುದಿತ್ತು ಎಂದರು. ಅಪ್ಪ ಹಾಸಿಗೆಯ ಪಕ್ಕ ನಿಂತು ಗದರಿದ. "ಯಾಕಕ್ಕಾ, ಯಾಕ ಹೇಳ್ಲಿಲ್ಲ?" ಅತ್ತೆ ನನ್ನನ್ನು ನೋಡಿ, ಅಪ್ಪನಿಗೆ ತೊದಲಿ ತೊದಲಿ ಉತ್ತರ ಕೊಟ್ಟಳು.

"ದವಾಖಾನಿಗಿ ಬಿದ್ರ, ರೇಸಿಗಿ ಯಾರ್ ಬರೋರು? ಸೈಕಲ್ ನೀ ಮಾಳಿಗಿ ಮ್ಯಾಲ ಏರಸ್ತಿದ್ದಿ."

ಅಪ್ಪ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ನಾನು ರಾಜ್ಯ ತಂಡದ ರೇಸಿನಿಂದ ಮರಳುವ ಮೊದಲೇ ಅತ್ತೆ ಹೋದಳು. ಆ ರೇಸಿಗೆ ನಾನು ಒಬ್ಬಳೇ ಹೋಗಿದ್ದೆ. ಕಳಿಸಿದವನು ಅಪ್ಪ.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಊರ ಕುರಿಗಳ ಬಾಯಿ ತೆರೆದಳು, ಭಾವನ ಹಲ್ಲು ನೋಡಿದಳು, ಜಿಲ್ಲೆಯ ಸೈಕಲ್ಲುಗಳನ್ನೆಲ್ಲ ಬಿಚ್ಚಿಸಿದಳು. ತನ್ನ ಒಂದು ಬಾಯಿಯನ್ನು ನನಗೋಸ್ಕರ ಮುಚ್ಚಿಟ್ಟುಕೊಂಡಳು. ಇಂಥ ಉಪಕಾರವನ್ನು ಯಾರು ಕೇಳಿದ್ದರು? ನನ್ನನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದೆನಲ್ಲ.

ಈಗ ನಾನು ಹೋಗುವ ದೊಡ್ಡ ರೇಸುಗಳಲ್ಲಿ ಹಲಗೆಯಂಥ ಯಂತ್ರವನ್ನು ಸೈಕಲ್ಲಿನ ಮೈಮೇಲೆ ಆಡಿಸಿ ಮೋಟಾರು ಹುಡುಕುತ್ತಾರೆ. ಕೆಲವರು ಮುಖ ಗಂಟಿಕ್ಕುತ್ತಾರೆ. ನಾನು ಅವರು ಹತ್ತಿರ ಬರುವ ಮೊದಲೇ ಸೀಟು ಕಿತ್ತು ಹಿಡಿದಿರುತ್ತೇನೆ. ಸೈಕಲ್ ಬದಲಾಗಿದೆ, ಆದರೆ ಅದೇ ಡಬ್ಬಿಯ ಕೆಂಪು ಬಣ್ಣದಲ್ಲಿ, ನನ್ನ ಹೆಬ್ಬೆರಳಿನಿಂದ ಗೆರೆ ಎಳೆದಿದ್ದೇನೆ. ಅದೂ ಸೊಟ್ಟಗೇ ಬಂದಿದೆ. ನೋಡಿದವರು ಹೋದ ಮೇಲೆ ಬಿಗಿಯುತ್ತೇನೆ, ಅಲ್ಲಾಡಿಸುತ್ತೇನೆ, ಸಾಲಿನಲ್ಲಿ ನಿಲ್ಲುತ್ತೇನೆ. ಸೀಟಿ ಊದುವಷ್ಟರಲ್ಲಿ ಮತ್ತೆ ಒಂದು ಸಲ ಕೈ ಹಿಂದೆ ಹೋಗುತ್ತದೆ. ಬಿಗದೀನಿ ಅತ್ತಿ, ಬಿಗದೀನಿ. ಎಷ್ಟ್ ಸಲ ಕೇಳ್ತಿ?